ಅಲುಗದ ಗಿಡಗಳ ಊರು

ಆ ಊರಿನಲ್ಲಿ ಮನುಷ್ಯರಿಗೆ ಹೆಸರು ಸಿಗುತ್ತಿದ್ದದ್ದು ಗಿಡದ ಚಿತ್ರದಿಂದ.

ಮಗುವಿನ ಮೊದಲ ಹಾಲುಹಲ್ಲು ಬಿದ್ದಾಗ ಅದನ್ನು ಒಂದು ಬೀಜದ ಜೊತೆ ಮನೆಯ ಮುಂದೆ ಹೂಳುತ್ತಿದ್ದರು. ಯಾವ ಬೀಜವೆಂದು ಯಾರೂ ಆರಿಸುತ್ತಿರಲಿಲ್ಲ. ಆ ದಿನ ಅಂಗಳಕ್ಕೆ ಯಾವುದು ಬಂದು ಬಿದ್ದಿತ್ತೋ ಅದು. ಅದರಿಂದ ಎದ್ದದ್ದು ಮಗುವಿನ ಪಾಲಿನ ಗಿಡ. ಗಿಡ ಹೂ ಬಿಟ್ಟಾಗ ಅದರ ಚಿತ್ರ ಹಿಡಿಯುತ್ತಿದ್ದರು. ಚಿತ್ರ ಸ್ಪಷ್ಟವಾಗಿ ಬಂದರೆ ಮಗುವಿಗೆ ಹೆಸರು. ಗಿಡ ಬೀಜ ಉದುರಿಸಿ ಒಣಗುತ್ತಿತ್ತು. ಉದುರಿದ ಬೀಜದಲ್ಲೊಂದು ಅದೇ ಜಾಗದಲ್ಲಿ ಮೊಳೆಯುತ್ತಿತ್ತು. ಮರುವರ್ಷ ಮತ್ತೆ ಚಿತ್ರ, ಮತ್ತೆ ಹೆಸರು. ಬದುಕಿರುವ ತನಕ ಹೀಗೆ. ಬೀಜ ಕಟ್ಟುವ ಮೊದಲೇ ಗಿಡ ಬಿದ್ದುಹೋದರೆ ಹೆಸರೂ ಅದರೊಂದಿಗೆ ಹೋಗುತ್ತಿತ್ತು.

ಚಿತ್ರ ಕದಡಿ ಬಂದರೆ ಆ ವರ್ಷ ಹೆಸರಿಲ್ಲ. ಹೆಸರಿಲ್ಲದವರನ್ನು ಕರೆಯಬಾರದೆಂಬ ಕಟ್ಟಳೆ ಏನೂ ಇರಲಿಲ್ಲ. ಕರೆದರೂ ಸದ್ದು ಬರುತ್ತಿರಲಿಲ್ಲ, ಅಷ್ಟೇ. ತುಟಿ ಆಡುತ್ತಿತ್ತು. ಗಂಟಲು ಏರಿ ಇಳಿಯುತ್ತಿತ್ತು. ಹೆಸರು ಬರಬೇಕಾದ ಜಾಗದಲ್ಲಿ ಬರೀ ಉಸಿರು ಬರುತ್ತಿತ್ತು.

ಗಿಡವನ್ನು ಮುಟ್ಟುವಂತಿರಲಿಲ್ಲ. ತಾನಾಗಿ ಉದುರಿದ್ದನ್ನು ತಿನ್ನಬಹುದು. ಹೂವನ್ನು ಬಗ್ಗಿ ನೋಡಬಹುದು. ಒಂದು ಕಾಲದಲ್ಲಿ ಒಬ್ಬ ಚಿತ್ರಗಾರ, ಗಿಡ ಅಲುಗದಿರಲೆಂದು ದಂಟಿಗೆ ನೂಲು ಕಟ್ಟಿದ್ದನಂತೆ. ಚಿತ್ರದ ಗಾಜು ಇದ್ದಿಲಿನಷ್ಟು ಕಪ್ಪಾಗಿ ಬಂತಂತೆ. ಅವನು ಮತ್ತೆ ಪೆಟ್ಟಿಗೆ ಮುಟ್ಟದಂತೆ ಊರು ನೋಡಿಕೊಂಡಿತು. ಅಂದಿನಿಂದ ಎಲ್ಲರಿಗೂ ಒಂದು ನಂಬಿಕೆ: ಗಿಡಕ್ಕೆ ನೋವಾದರೆ ಗಾಜಿಗೆ ಗೊತ್ತಾಗುತ್ತದೆ. ಗಾಜು ತಿಳಿಯಾಗಿದ್ದರೆ ನೋವಾಗಿಲ್ಲ.

ಚಿತ್ರದ ಪೆಟ್ಟಿಗೆಗೆ ಒಂದೇ ಕಣ್ಣು. ಅದರ ಮುಚ್ಚಳ ತೆಗೆಯುವ ಮೊದಲು ಮನೆಯವರೆಲ್ಲ ಸಾಲಾಗಿ ನಿಂತು ಹೇಳುತ್ತಿದ್ದರು: "ನೋಡುತ್ತೇವೆ, ಮುಟ್ಟುವುದಿಲ್ಲ." ಕಣ್ಣು ತೆರೆದಿರುವಷ್ಟು ಹೊತ್ತು ಯಾರೂ ಗಿಡದ ಹತ್ತಿರ ಸುಳಿಯುವಂತಿರಲಿಲ್ಲ, ಊರಿನ ಯಜಮಾನ ಕೂಡ. ಆ ಕಣ್ಣನ್ನು ಮುಚ್ಚುವ ಹಕ್ಕು ಪೆಟ್ಟಿಗೆ ಹಿಡಿದವರದೊಂದೇ.

ಹಳೆಯ ಚಿತ್ರಗಾರನ ದೃಷ್ಟಿ ಮಂಜಾದಾಗ ಪೆಟ್ಟಿಗೆ ಒಬ್ಬ ಯುವತಿಯ ಕೈಗೆ ಬಂತು. ಅವಳೇ ಚಿತ್ರ ಹಿಡಿಯುವವಳು.

ಹಳಬ ಪೆಟ್ಟಿಗೆಯನ್ನು ಗಿಡದ ಎದುರಿಗೆ ನೆಟ್ಟಗೆ ಇಟ್ಟು, ಕಣ್ಣು ತೆರೆದು, ಮುಚ್ಚುತ್ತಿದ್ದ. ಇವಳು ಹಾಗೆ ಮಾಡಲಿಲ್ಲ. ಕಂಚಿನ ತಟ್ಟೆಯಿಂದ ಬಿಸಿಲನ್ನು ಎಲೆಯ ಬೆನ್ನಿಗೆ ಹಾಯಿಸಿದಳು. ಎಲೆ ದೀಪದಂತೆ ಹೊತ್ತಿಕೊಂಡು ಅದರ ನರವೆಲ್ಲ ಗಾಜಿನಲ್ಲಿ ಮೂಡಿತು. ಬುಡದ ಪಕ್ಕ ನೀರಿನ ಬೋಗುಣಿ ಇಟ್ಟು ತಲೆಕೆಳಗಾದ ಗಿಡದ ಚಿತ್ರ ಹಿಡಿದಳು. ಗಿಡದ ಹಿಂದೆ ಬಿಳಿ ಪಂಚೆ ಕಟ್ಟಿ ನೆರಳನ್ನು ಮಾತ್ರ ಹಿಡಿದಳು. ಯಾವುದನ್ನೂ ಮುಟ್ಟಲಿಲ್ಲ. ಎಲ್ಲ ಗಾಜೂ ತಿಳಿಯಾಗಿಯೇ ಬಂದವು.

ಊರಿನವರಿಗೆ ಸೋಜಿಗ.

"ಏನಮ್ಮಾ, ನನ್ನ ಬದನೆ ಗಿಡ ನನಗಿಂತ ಚೆನ್ನಾಗಿ ಬಂದಿದೆಯಲ್ಲ?" ಎಂದಳು ಬೀದಿಯ ಕೊನೆಯ ಮನೆಯ ಹೆಂಗಸು.

"ಅದು ಬಾಯಿ ಮುಚ್ಚಿಕೊಂಡು ನಿಂತಿತ್ತು ಅತ್ತೆ. ನೀವು ನಿಲ್ತೀರಾ?"

ಎಲ್ಲರೂ ನಕ್ಕರು. ಆ ಹೆಂಗಸೇ ಹೆಚ್ಚು ನಕ್ಕಳು.

ಊರಿನ ಪಡುವಣ ಅಂಚಿನಲ್ಲಿ, ಎರಡು ಗುಡ್ಡಗಳ ನಡುವಿನ ಸಂದಿನಲ್ಲಿ, ಒಂದು ಮನೆ ಇತ್ತು. ಆ ಜಾಗಕ್ಕೆ ಗಾಳಿಬಾಯಿ ಎನ್ನುತ್ತಿದ್ದರು. ಅಲ್ಲಿ ಗಾಳಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಮನೆಯಲ್ಲಿ ಒಬ್ಬ ತಾಯಿ, ಅವಳ ಮಗಳು. ಹುಡುಗಿಯ ಹಲ್ಲು ಬಿದ್ದ ದಿನ ಅಂಗಳಕ್ಕೆ ಬಂದು ಬಿದ್ದದ್ದು ಹರಳಿನ ಬೀಜ. ಹರಳಿನ ಎಲೆ ಅಂಗೈಯಷ್ಟಗಲ, ಬೆರಳು ಬಿಡಿಸಿದ ಕೈಯಂತೆ. ಗಾಳಿಗೆ ಆ ಕೈಗಳೆಲ್ಲ ಬೀಸುತ್ತಲೇ ಇದ್ದವು. ವರ್ಷ ವರ್ಷವೂ ಗಾಜಿನ ಮೇಲೆ ಬರುತ್ತಿದ್ದದ್ದು ಹೊಗೆಯಂಥ ಒಂದು ಕದಡು. ತಾಯಿಯ ಪಾಲಿಗೆ ಬಂದದ್ದು ನೆಲಕ್ಕೆ ಅಂಟಿಕೊಂಡು ಬೆಳೆಯುವ ಒಂದೆಲಗ. ಹಾಗಾಗಿ ತಾಯಿಗೆ ಹೆಸರಿತ್ತು, ಮಗಳಿಗಿರಲಿಲ್ಲ.

ಹುಡುಗಿಯನ್ನು ಆಟಕ್ಕೆ ಯಾರೂ ಕರೆಯುತ್ತಿರಲಿಲ್ಲ. ಬೇಡವೆಂದಲ್ಲ. ಕರೆಯುವುದು ಹೇಗೆ?

ತಾಯಿ ಅವಳನ್ನು ಚಿಟಿಕೆ ಹೊಡೆದು ಕರೆಯುತ್ತಿದ್ದಳು. ಊಟಕ್ಕೆ ಒಂದು ಚಿಟಿಕೆ, ನೀರಿಗೆ ಹೋಗೋಣವೆಂದರೆ ಇನ್ನೊಂದು. ಹುಡುಗಿ ಚಿಟಿಕೆಯಲ್ಲೇ ಓಗೊಡುತ್ತಿದ್ದಳು. ಒಮ್ಮೆ ಮಂಜು ಕವಿದ ಬೆಳಿಗ್ಗೆ ಅವಳು ಹೊಳೆಯ ಹತ್ತಿರ ದಾರಿ ತಪ್ಪಿದಳು. ತಾಯಿ "ಮಗಳೇ" ಎಂದು ಕೂಗಿದರೆ ನೀರಿಗೆ ಬಂದಿದ್ದ ಹೆಣ್ಣುಮಕ್ಕಳೆಲ್ಲ ಓಗೊಟ್ಟರು. ಕೂಗುವುದನ್ನು ಬಿಟ್ಟು, ಚಿಟಿಕೆ ಹೊಡೆಯುತ್ತ ದಡದುದ್ದಕ್ಕೂ ನಡೆದಳು. ಬೆರಳಿನ ಚರ್ಮ ಸುಲಿದು ರಕ್ತ ಬಂತು. ಕೊನೆಗೆ ನೀರಿನ ಅಂಚಿನಿಂದ, ಬಹಳ ಕೆಳಗಿನಿಂದ, ಒಂದು ಸಣ್ಣ ಚಿಟಿಕೆ ಕೇಳಿಸಿತು.

ಅದೇ ದಿನ ತಾಯಿ ಚಿತ್ರ ಹಿಡಿಯುವವಳ ಬಾಗಿಲಿಗೆ ಬಂದಳು.

"ಊರಿನ ಬದನೆಕಾಯಿಗೆಲ್ಲ ಸಿಂಗಾರ ಮಾಡ್ತಿದ್ದೀಯಂತೆ. ನನ್ನ ಮಗಳಿಗೆ ಒಂದು ಹೆಸರು ಕೊಡಿಸು."

"ಗಾಳಿ ನಿಲ್ಲಲಿ ಅಂತ ಕಾಯ್ತಿದ್ದೀನಿ ಅಕ್ಕಾ."

"ಗಾಳಿಬಾಯಲ್ಲಿ ಗಾಳಿ ನಿಲ್ಲುತ್ತೇನೆ? ಮಗಳು ಮುದುಕಿ ಆಗ್ತಾಳೆ."

ಚಿತ್ರ ಹಿಡಿಯುವವಳು ತಾಯಿಯ ಬೆರಳನ್ನು ನೋಡಿದಳು. ಆಮೇಲೆ ಮೂಲೆಯಲ್ಲಿ ಮಡಿಸಿಟ್ಟಿದ್ದ ಬಿಳಿ ಪಂಚೆಯನ್ನು ನೋಡಿದಳು. ಪಂಚೆ ಗಿಡದ ಹಿಂದೆ ಕಟ್ಟಿದ್ದಾಗ ಆ ಬದಿಯ ಎಲೆಗಳು ಕಡಿಮೆ ಅಲುಗಿದ್ದು ಅವಳಿಗೆ ನೆನಪಿತ್ತು.

"ಹಳೇ ಪಂಚೆ, ಬಿಳೀ ಸೀರೆ, ಏನಿದ್ದರೂ ತಗೊಂಡು ಬಾ ಅಕ್ಕಾ. ದಪ್ಪ ಬೇಡ. ಬೆಳಕು ಬರಬೇಕು, ಗಾಳಿ ಬರಬಾರದು."

ಇಬ್ಬರೂ ಸೇರಿ ಬಟ್ಟೆಗಳನ್ನು ಒಂದಕ್ಕೊಂದು ಹೊಲಿದರು. ಹರಳು ಗಿಡದ ಸುತ್ತ, ಬೇರಿಗೆ ತಾಗದಷ್ಟು ದೂರದಲ್ಲಿ, ಬಿದಿರಿನ ಗಳು ನೆಟ್ಟರು. ಬಟ್ಟೆಯನ್ನು ಸುತ್ತಲೂ ಬಿಗಿದರು. ಒಳಗೆ ಹಾಲಿನಂಥ ಬೆಳಕು ತುಂಬಿತು. ಎಲೆಗಳು ಇನ್ನೊಂದಿಷ್ಟು ಹೊತ್ತು ಬೀಸಿದವು. ಆಮೇಲೆ, ಒಂದೊಂದಾಗಿ, ನಿಂತವು.

"ನೋಡುತ್ತೇವೆ, ಮುಟ್ಟುವುದಿಲ್ಲ" ಎಂದಳು ತಾಯಿ. ಹುಡುಗಿಯೂ ಹೇಳಿದಳು.

ಗಾಜನ್ನು ಮದ್ದಿನ ನೀರಿನಲ್ಲಿ ಅದ್ದಿದಾಗ ಹರಳು ಗಿಡ ಎದ್ದು ನಿಂತಿತು. ಪ್ರತಿ ಎಲೆ, ಪ್ರತಿ ಬೆರಳು, ಬೆರಳಿನ ಅಂಚಿನ ಹಲ್ಲು. ಎಲ್ಲಿಯೂ ಕಪ್ಪಿರಲಿಲ್ಲ. ಊರಿನ ಯಜಮಾನ ಗಾಜನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅವನ ಪಾಲಿನದು ತುಂಬೆ ಗಿಡ. ಗೇಣುದ್ದದ್ದು, ಗಾಳಿಗೆ ಸಿಗದಂಥದ್ದು. ಅವನ ಹೆಸರಿಗೆ ಯಾವತ್ತೂ ತೊಂದರೆ ಬಂದಿರಲಿಲ್ಲ. ಅವನು ಹುಡುಗಿಯ ಕಿವಿಯಲ್ಲಿ ಹೆಸರು ಹೇಳಿದ.

ತಾಯಿ ಅಂಗಳದ ಆ ಕೊನೆಗೆ ಹೋಗಿ ನಿಂತು ಆ ಹೆಸರು ಕೂಗಿದಳು. ಸದ್ದು ಬಂತು. ಗುಡ್ಡಕ್ಕೆ ತಾಗಿ ಮರಳಿ ಬಂತು. ಅವಳು ಮತ್ತೆ ಕೂಗಿದಳು. ಕೆಲಸವಿರಲಿ ಇಲ್ಲದಿರಲಿ, ಸಂಜೆಯ ತನಕ ಕೂಗುತ್ತಲೇ ಇದ್ದಳು.

"ಏನವ್ವಾ?" ಎಂದು ಕೇಳಿ ಕೇಳಿ ಹುಡುಗಿಗೆ ಸಾಕಾಯಿತು.

"ಏನಿಲ್ಲ. ಸುಮ್ಮನೆ."

ಆ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಬರೆದರೂ ಕಾಣುವುದಿಲ್ಲ. ಮುಂದೊಂದು ದಿನ ಅದು ಮತ್ತೆ ಹೋಯಿತು.

ಗಾಳಿಬಾಯಿಯ ಗಿಡವೇ ನಿಂತಿತೆಂದ ಮೇಲೆ ಊರು ಸುಮ್ಮನಿರಲಿಲ್ಲ. ಮರುವರ್ಷ ಮನೆಮನೆಯಲ್ಲೂ ಬಿದಿರು ನೆಟ್ಟರು, ಬಟ್ಟೆ ಕಟ್ಟಿದರು. ಮೊದಮೊದಲು ಚಿತ್ರದ ದಿನಕ್ಕೆ ಮಾತ್ರ ಎಂದುಕೊಂಡಿದ್ದರು. ಆದರೆ ಯಜಮಾನ ಯೋಚಿಸಿ ಒಂದು ಮಾತು ಹೇಳಿದ.

"ಗಾಳಿಯೂ ಗಿಡವನ್ನು ಮುಟ್ಟುತ್ತದೆ. ಕಣ್ಣೆದುರಿಗೇ ಮುಟ್ಟುತ್ತಿರುವಾಗ ತಡೆಯದಿದ್ದರೆ ನಾವೇ ಮುಟ್ಟಿದಂತೆ."

ಅಲ್ಲಿಂದ ಮೊಳಕೆ ಕಂಡ ದಿನವೇ ಬಟ್ಟೆ ಕಟ್ಟುವುದು ಕಟ್ಟಳೆಯಾಯಿತು. ಊರು ಒಗೆದು ಒಣಹಾಕಿದ ಬಟ್ಟೆಯ ಊರಾಯಿತು. ಬೀದಿಯಲ್ಲಿ ನಡೆದರೆ ಎರಡೂ ಕಡೆ ಬಿಳಿ. ಎಲೆಯ ಸದ್ದು ನಿಂತಿತು. ಒಳಗಿನ ಗಿಡಗಳು ಹಿಂದೆಂದೂ ಇಲ್ಲದಷ್ಟು ಎತ್ತರಕ್ಕೆ ಎದ್ದವು. ನೆಟ್ಟಗೆ, ನುಣುಪಾಗಿ, ಒಂದು ಎಲೆಯೂ ಹರಿಯದೆ. ಚಿತ್ರ ಹಿಡಿಯುವವಳು ಒಂದೊಂದು ಬಟ್ಟೆಯ ಒಳಗೂ ಹೋಗಿ ತನ್ನ ಕಂಚಿನ ತಟ್ಟೆ, ಬೋಗುಣಿ, ನೆರಳು ಎಲ್ಲ ಆಡಿಸಿದಳು. ಆ ವರ್ಷ ಊರಿನಲ್ಲಿ ಹೆಸರಿಲ್ಲದವರು ಒಬ್ಬರೂ ಇರಲಿಲ್ಲ. ಎಲ್ಲರೂ ಎಲ್ಲರನ್ನೂ ಕರೆದರು. ಯಜಮಾನ ಅವಳಿಗೆ ಶಾಲು ಹೊದಿಸಿದ. ಅವಳು ಅದನ್ನೂ ಒಂದು ಗಿಡದ ಬಟ್ಟೆಗೆ ಸೇರಿಸಿ ಹೊಲಿದಳು.

ಅದರ ಮುಂದಿನ ವರ್ಷ, ಗಿಡಗಳು ಇನ್ನೂ ಮೊಣಕಾಲೆತ್ತರ ಇದ್ದಾಗ, ಗಾಳಿಬಾಯಿಯ ಹುಡುಗಿ ಅವಳ ಹತ್ತಿರ ಬಂದಳು.

"ಅಕ್ಕಾ, ನನ್ನ ಗಿಡಕ್ಕೆ ಏನೋ ಆಗಿದೆ."

"ಎಲೆ ಹಳದಿ ಆಗಿದ್ಯಾ?"

"ಇಲ್ಲ."

"ಹುಳ?"

"ಇಲ್ಲ. ಚೆನ್ನಾಗಿದೆ. ಅದಕ್ಕೇ ಹೇಳ್ತಿದ್ದೀನಿ." ಹುಡುಗಿ ತನ್ನ ಕೈ ಎತ್ತಿ ಬೀಸಿ ತೋರಿಸಿದಳು. "ಮುಂಚೆ ನಾನು ಹಿಂಗೆ ಅಂದ್ರೆ ಅದೂ ಹಿಂಗೆ ಅಂತಿತ್ತು. ಈಗ ಬಟ್ಟೆ ಸರಿಸಿ ಒಳಗೆ ಹೋದ್ರೆ ಸುಮ್ಮನೆ ನಿಂತಿರುತ್ತೆ. ನೀನು ಪೆಟ್ಟಿಗೆ ಇಟ್ಟಾಗ ನಾವು ನಿಲ್ತೀವಲ್ಲ, ಹಂಗೆ. ಪೆಟ್ಟಿಗೆ ಇಲ್ಲದೇ ಇದ್ರೂನೂ."

ಚಿತ್ರ ಹಿಡಿಯುವವಳು ನಗಲು ಹೋಗಿ ನಿಲ್ಲಿಸಿದಳು.

ಅವಳ ಹಿತ್ತಲಲ್ಲಿ ಯಾರ ಪಾಲಿನದೂ ಅಲ್ಲದ ದಂಟಿನ ಸೊಪ್ಪಿನ ಬೀಜ ಉದುರಿ ಬಿದ್ದಿತ್ತು. ಒಂದೇ ಗಿಡದ ಬೀಜ, ಒಂದೇ ಮಣ್ಣು, ಒಂದೇ ನೀರು. ಒಂದು ಮೊಳಕೆಗೆ ಬಟ್ಟೆ ಕಟ್ಟಿದಳು. ಪಕ್ಕದ್ದನ್ನು ಬಯಲಿಗೆ ಬಿಟ್ಟಳು. ಕಾದಳು. ಬಟ್ಟೆಯೊಳಗಿನದು ಬೇಗ ಬೇಗ ಎತ್ತರವಾಯಿತು. ಹೊರಗಿನದು ಗಿಡ್ಡ, ಒರಟು, ಎಲೆಯ ಅಂಚೆಲ್ಲ ಹರಿದದ್ದು. ಎರಡರ ಚಿತ್ರವನ್ನೂ ಹಿಡಿದಳು. ಒಳಗಿನದು ತಿಳಿಯಾಗಿ ಬಂತು. ಹೊರಗಿನದು ಹೊಗೆಯಾಗಿ ಬಂತು. ಕಪ್ಪು ಎರಡರಲ್ಲೂ ಇರಲಿಲ್ಲ.

ಆಮೇಲೆ ಬಟ್ಟೆ ಬಿಚ್ಚಿ, ಬಗ್ಗಿ, ಹೊರಗಿನ ಗಿಡದ ಮೇಲೆ ಬಾಯಿಂದ ಊದಿದಳು. ಅದು ಬಾಗಿ ಎದ್ದಿತು. ಒಳಗಿನದರ ಮೇಲೆ ಊದಿದಳು.

ಅದು ಬಾಗಿತು. ಏಳಲಿಲ್ಲ.

ಅವಳು ಅಲ್ಲೇ ಕುಳಿತಳು. ಏಳುತ್ತದೆಂದು ಬಹಳ ಹೊತ್ತು ಕಾದಳು. ಗಾಳಿ ಹಿಡಿದು ಅಲ್ಲಾಡಿಸಿದಾಗಲೇ ದಂಟು ಗಟ್ಟಿಯಾಗುವುದು. ಅಲ್ಲಾಡದ ದಂಟಿಗೆ ಗಟ್ಟಿಯಾಗಬೇಕೆಂದು ಹೇಳುವವರು ಯಾರು? ಕೈ ಮಾಡಿದ ನೋವು ಗಾಜಿಗೆ ಗೊತ್ತಾಗುತ್ತಿತ್ತು. ಕೈ ಗಾಳಿಯನ್ನು ತಡೆದದ್ದು ಗೊತ್ತಾಗುತ್ತಿರಲಿಲ್ಲ.

ಯಜಮಾನನ ಜಗಲಿಯಲ್ಲಿ ಊರು ಸೇರಿತ್ತು. ಅವಳು ಬಾಗಿದ ಗಿಡದ ವಿಷಯ ಹೇಳಿದಳು. ದಿನಕ್ಕಿಷ್ಟು ಎಂದು ಬಟ್ಟೆ ಸರಿಸೋಣ, ಗಿಡಗಳು ಗಾಳಿ ಕಲಿಯಲಿ, ಬೀಜ ಕಟ್ಟುವ ಮೊದಲು ದೊಡ್ಡ ಗಾಳಿ ಬಂದರೆ ಒಂದೂ ಉಳಿಯುವುದಿಲ್ಲ, ಬೀಜವೇ ಇಲ್ಲವೆಂದರೆ ಮುಂದಿನ ಗಿಡವೂ ಇಲ್ಲ ಎಂದಳು.

"ಗಾಳಿ ಕಲಿಸೋಕೆ ಅದೇನು ಗಾಳಿಪಟವಾ?" ಎಂದ ಒಬ್ಬ.

"ಬಟ್ಟೆ ತೆಗೆದರೆ ಈ ವರ್ಷದ ಚಿತ್ರ?" ಎಂದು ಕೇಳಿದ ಯಜಮಾನ.

"ಕದಡಬಹುದು."

"ಕದಡಿದರೆ ಹೆಸರು?"



"ನೀನೇ ಕಟ್ಟಿಸಿದ್ದು, ನೀನೇ ಬಿಚ್ಚಿಸ್ತೀಯ" ಎಂದಳು ಬದನೆ ಗಿಡದ ಹೆಂಗಸು. ಈ ಸಲ ಅವಳು ನಗಲಿಲ್ಲ. "ಗಾಜು ಕಪ್ಪಾಯಿತೇನು? ಇಲ್ಲವಲ್ಲ. ಮತ್ತೆ ನೋವೆಲ್ಲಿ ಬಂತು?"

ಯಜಮಾನ ಎದ್ದು ನಿಂತ. "ಅವರವರ ಗಿಡ ಅವರವರ ಪಾಲು. ಬಿಚ್ಚಬೇಕೆಂದವರು ಬಿಚ್ಚಲಿ. ನನ್ನ ತುಂಬೆಗೆ ನಾನು ಇನ್ನೊಂದು ಸುತ್ತು ಬಟ್ಟೆ ಕಟ್ಟಿಸ್ತೀನಿ."

ಬಿಚ್ಚುತ್ತೇನೆಂದು ಯಾರೂ ಹೇಳಲಿಲ್ಲ. ಅವಳು ಗಾಳಿಬಾಯಿಗೆ ಹೋದಳು.

ತಾಯಿ ಬಾಗಿಲಲ್ಲೇ ತಡೆದಳು. "ಗೊತ್ತು. ಊರೆಲ್ಲ ಹೇಳಿ ಆಯಿತು. ನನ್ನ ಹತ್ತಿರ ಬೇಡ."

"ಅಕ್ಕಾ, ಗಾಳಿ ಮೊದಲು ಬರೋದೇ ಇಲ್ಲಿಗೆ."

"ಬರಲಿ. ಬಟ್ಟೆ ಇದೆ."

"ಬಟ್ಟೆ ತಡೆಯಲ್ಲ."

"ನಿನಗೆ ಹೆಸರಿದೆ ಕಣೆ. ಹಲ್ಲು ಬಿದ್ದಾಗಿನಿಂದ ಇದೆ. ಮಂಜಿನಲ್ಲಿ ಚಿಟಿಕೆ ಹೊಡಕೊಂಡು ನಡೆದವಳು ನೀನಲ್ಲ." ತಾಯಿ ಬಾಗಿಲನ್ನು ಅರ್ಧ ಎಳೆದುಕೊಂಡಳು. "ಇನ್ನೊಂದು ವರ್ಷ ಅವಳನ್ನ ಕರೀತೀನಿ. ಇನ್ನೊಂದೇ ವರ್ಷ. ಆಮೇಲೆ ನೋಡೋಣ."

ಚಿತ್ರ ಹಿಡಿಯುವವಳು ಹೊರಟುಹೋದಳು.

ತಾಯಿ ಮಗಳ ಹೆಸರು ಹಿಡಿದು ಕೂಗಿದಳು. ಹುಡುಗಿ ಬಟ್ಟೆಯೊಳಗಿನಿಂದ ಬಂದಳು.

"ಅಲ್ಲಿ ಏನು ಮಾಡ್ತಿದ್ದೆ?"

"ಕೈ ಬೀಸ್ತಿದ್ದೆ."

"ಯಾರಿಗೆ?"

ಹುಡುಗಿ ಬಟ್ಟೆಯ ಅಂಚು ಎತ್ತಿ ಹಿಡಿದಳು. ತಾಯಿ ಬಗ್ಗಿ ಒಳಗೆ ಹೋದಳು. ಹಾಲಿನಂಥ ಬೆಳಕಿನಲ್ಲಿ ಹರಳು ಗಿಡ ನಿಂತಿತ್ತು. ಅವಳಿಗಿಂತ ಎತ್ತರ. ಇಷ್ಟು ತೆಳ್ಳಗಿನ ದಂಟಿನ ಮೇಲೆ ಇಷ್ಟಗಲದ ಕೈಗಳು, ಎಲ್ಲವೂ ಬಿಡಿಸಿಕೊಂಡು, ಎಲ್ಲವೂ ತಡೆದುಕೊಂಡು. ತಾಯಿ ತನಗೇ ಗೊತ್ತಿಲ್ಲದೆ ಒಂದು ಚಿಟಿಕೆ ಹೊಡೆದಳು. ಹೆಸರು ಬಂದ ಮೇಲೆ ಅದೇ ಮೊದಲ ಚಿಟಿಕೆ. ಗಿಡ ಅಲುಗಲಿಲ್ಲ. ಅವಳ ಹಿಂದೆ ಬಟ್ಟೆಯ ಹೊರಗೆ ಇನ್ನೊಂದು ಚಿಟಿಕೆ ಕೇಳಿಸಿತು.

"ನೀನು ಮರೆತಿರ್ತೀಯ ಅಂದ್ಕೊಂಡಿದ್ದೆ ಅವ್ವಾ" ಎಂದಳು ಹುಡುಗಿ.

ಮರುದಿನ ಬೆಳಿಗ್ಗೆ ತಾಯಿ ಬಟ್ಟೆಯನ್ನು ಒಂದು ಬದಿಯಲ್ಲಿ ಅಂಗೈಯಗಲ ಸರಿಸಿದಳು.

ಗಾಳಿಯ ಒಂದು ಎಳೆ ಒಳಗೆ ಬಂತು. ಗಿಡ ತಟ್ಟನೆ ವಾಲಿತು. ದಂಟು ಬಾಗಿ ಬಾಗಿ, ತುದಿಯ ಎಲೆ ನೆಲಕ್ಕೆ ಇನ್ನೇನು ತಾಗಬೇಕು. ತಾಯಿಯ ಎರಡೂ ಕೈ ತಾವಾಗಿ ಮುಂದೆ ಹೋದವು. ಹಿಡಿದರೆ ಉಳಿಯುತ್ತಿತ್ತು. ಹಿಡಿದರೆ ಗಾಜು ಕಪ್ಪು. ಅವಳು ಕೈಗಳನ್ನು ತನ್ನ ಕಂಕುಳಲ್ಲಿ ಅದುಮಿಟ್ಟುಕೊಂಡು ನಿಂತಳು. "ನೋಡುತ್ತೇವೆ, ಮುಟ್ಟುವುದಿಲ್ಲ. ನೋಡುತ್ತೇವೆ, ಮುಟ್ಟುವುದಿಲ್ಲ." ಗಿಡ ಬಿಸಿಲು ಏರುವ ತನಕ ಹಾಗೇ ವಾಲಿಕೊಂಡಿತ್ತು. ಸಂಜೆಗೆ ಬೆರಳಿನಷ್ಟು ಎದ್ದಿತು.

ಮರುದಿನ ಇನ್ನೊಂದು ಅಂಗೈಯಗಲ. ಆಮೇಲೆ ಇನ್ನೊಂದು. ದಿನವೂ ಗಿಡ ವಾಲುತ್ತಿತ್ತು, ದಿನವೂ ಒಂದಿಷ್ಟು ಏಳುತ್ತಿತ್ತು. ಬೆಳೆಯುವುದು ನಿಂತಿತು. ದಂಟು ಕಂದಾಯಿತು, ಬುಡ ದಪ್ಪವಾಯಿತು. ಎಲೆಗಳು ಹರಿದವು. ಕೊನೆಗೆ ಬಿದಿರಿನ ಗಳುಗಳು ಮಾತ್ರ ಉಳಿದು, ಹರಳು ಗಿಡ ಬಯಲಿನಲ್ಲಿ ಒಂದು ಕಡೆಗೆ ಓರೆಯಾಗಿ ನಿಂತು, ಹರಿದ ಕೈಗಳನ್ನೆಲ್ಲ ಬೀಸತೊಡಗಿತು. ದಾರಿಯಲ್ಲಿ ಹೋಗುವವರು ನೋಡಿ ಕಣ್ಣು ತಗ್ಗಿಸುತ್ತಿದ್ದರು.

"ಗಿಡಾನ ಹಿಂಗೆ ಬಿಟ್ಟಿದ್ದೀಯಲ್ಲ, ಮಗಳನ್ನೂ ಹಿಂಗೇ ಬಿಡ್ತೀಯಾ?" ಎಂದು ಒಬ್ಬಳು ಕೇಳಿದಳು.

ಚಿತ್ರದ ದಿನ ಬಂತು. ಊರಿನ ಗಿಡಗಳೆಲ್ಲ ಬಟ್ಟೆಯೊಳಗೆ ನಿಂತು ತಿಳಿಯಾಗಿ ಬಂದವು. ಗಾಳಿಬಾಯಿಯಲ್ಲಿ ಚಿತ್ರ ಹಿಡಿಯುವವಳು ಮುಚ್ಚಳದ ಮೇಲೆ ಕೈಯಿಟ್ಟು ತಾಯಿಯ ಮುಖ ನೋಡಿದಳು.

"ತೆಗಿ" ಎಂದಳು ತಾಯಿ. "ನನ್ನ ಮುಖ ನೋಡಬೇಡ."

ಹೊಗೆ ಬಂತು. ಹೊಗೆಯ ನಡುವೆ ದಂಟಿನ ಒಂದು ಗೆರೆ ಮಾತ್ರ ಸ್ವಲ್ಪ ಕಂಡಿತು. ಯಜಮಾನ ಗಾಜನ್ನು ಬಿಸಿಲಿಗೆ ಹಿಡಿದ, ತಲೆಯಾಡಿಸಿದ, ಗಾಜನ್ನು ಕೆಳಗಿಟ್ಟ.

ತಾಯಿ ಅಂಗಳದ ಆ ಕೊನೆಗೆ ಹೋಗಿ ನಿಂತಳು. ಬಾಯಿ ತೆರೆದಳು. ತುಟಿ ಆಡಿತು. ಗಂಟಲು ಏರಿ ಇಳಿಯಿತು. ಗುಡ್ಡ ಏನನ್ನೂ ಮರಳಿಸಲಿಲ್ಲ.

ಹುಡುಗಿ ನೋಡುತ್ತ ನಿಂತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ತಾನೇ ಒಂದು ಚಿಟಿಕೆ ಹೊಡೆದಳು.

ದೊಡ್ಡ ಗಾಳಿ ಒಂದು ಮಧ್ಯಾಹ್ನ ಬಂತು. ಗಿಡಗಳಲ್ಲಿ ಹೂ ಉದುರಿ ಕಾಯಿ ಆಗಷ್ಟೇ ಕಟ್ಟುತ್ತಿತ್ತು. ಗಾಳಿ ಗುಡ್ಡದ ಸಂದಿನಿಂದ ನುಗ್ಗಿ ಬೀದಿಗಳಿಗೆ ಇಳಿಯಿತು. ಬಟ್ಟೆಗಳು ಮೊದಲು ಉಬ್ಬಿದವು. ಊರು ಒಮ್ಮೆ ಉಸಿರೆಳೆದುಕೊಂಡಂತೆ ಕಂಡಿತು. ಆಮೇಲೆ ಹೊಲಿಗೆ ಬಿಚ್ಚಿ, ಗಳು ಕಿತ್ತು, ಬಿಳಿಯೆಲ್ಲ ಆಕಾಶಕ್ಕೆ ಹೋಯಿತು. ಒಳಗೆ ನಿಂತಿದ್ದ ಗಿಡಗಳು ಮೊದಲ ಸಲ ಗಾಳಿಯನ್ನು ಕಂಡವು. ಅವುಗಳಿಂದ ಸದ್ದು ಕೂಡ ಬರಲಿಲ್ಲ. ದಂಟು, ಬದನೆ, ಸೂರ್ಯಕಾಂತಿ, ಎಲ್ಲವೂ ಬುಡದಲ್ಲಿ ಮಡಿಸಿಕೊಂಡು ಮಲಗಿದವು. ನೆಲಕ್ಕಂಟಿದ ತಾಯಿಯ ಒಂದೆಲಗದ ಮೇಲೂ ಬೇರೆ ಮನೆಯ ಬಿದಿರು ಬಿದ್ದಿತು. ಯಜಮಾನನ ತುಂಬೆಗೆ ಗಾಳಿ ತಾಗಲಿಲ್ಲ. ಅದರ ಮೇಲೆ ಎರಡು ಸುತ್ತಿನ ಬಟ್ಟೆ ಗಳು ಸಮೇತ ಕುಸಿಯಿತು.

ಗಾಳಿ ಇಳಿದಾಗ ಊರಿನವರು ಬೀದಿಗೆ ಬಂದು ಒಬ್ಬರನ್ನೊಬ್ಬರು ಕರೆಯಲು ಬಾಯಿ ತೆರೆದರು. ಗಂಡ ಹೆಂಡತಿಯನ್ನು, ಅಣ್ಣ ತಮ್ಮನನ್ನು. ಬೀದಿಯ ಈ ಕೊನೆಯಿಂದ ಆ ಕೊನೆಯ ತನಕ ಬರೀ ಉಸಿರು.

ಗಾಳಿಬಾಯಿಯಲ್ಲಿ ಹರಳು ಗಿಡ ನಿಂತಿತ್ತು. ಅರ್ಧ ಎಲೆ ಹೋಗಿತ್ತು. ಗೊನೆಯ ಕೆಳಗಿನ ಕಾಯಿಗಳು ಆಗಲೇ ಕಂದುಬಣ್ಣಕ್ಕೆ ತಿರುಗಿದ್ದವು. ಗುಡ್ಡದಿಂದ ಬರುವ ದಿನದ ಗಾಳಿಗೆ ಅದು ಬಾಗುತ್ತಿತ್ತು, ಏಳುತ್ತಿತ್ತು.

ಮರುದಿನ ಬೆಳಿಗ್ಗೆ ಊರೆಲ್ಲ ಅಲ್ಲಿಗೆ ಬಂತು. ಯಾರೂ ಜೋರಾಗಿ ಮಾತಾಡಲಿಲ್ಲ. ಕೆಲವರು ಕೈ ಮುಗಿದರು. ಬದನೆ ಗಿಡದ ಹೆಂಗಸು ತಾಯಿಯ ಪಕ್ಕದಲ್ಲಿ ಕುಳಿತು ಸುಮ್ಮನೆ ಅತ್ತಳು. ಯಜಮಾನ ಗಿಡದ ಸುತ್ತ ಒಂದು ಸುತ್ತು ಬಂದ.

"ಊರಿನಲ್ಲಿ ನಿಂತಿರೋ ಪಾಲಿನ ಗಿಡ ಇದೊಂದೇ" ಎಂದ. "ನಮಗೆ ಇನ್ನು ಬೀಳೋ ಹಾಲುಹಲ್ಲಿಲ್ಲ. ಇದರ ಬೀಜದಿಂದಲೇ ಇನ್ನು ಎಲ್ಲರ ಪಾಲು. ಇದಕ್ಕೆ ಏನೂ ಆಗಬಾರದು."

ಆಮೇಲೆ ಹಿಂದಕ್ಕೆ ತಿರುಗಿ ಹೇಳಿದ: "ತನ್ನಿ."

ಗುಂಪು ದಾರಿ ಬಿಟ್ಟಿತು. ಹಿಂದಿನಿಂದ ಬಿದಿರಿನ ಗಳುಗಳು ಬಂದವು. ಹೊಳೆಯ ಪೊದೆಗಳಿಂದ, ಸೂರಿನ ಮೇಲಿಂದ ಆರಿಸಿ ತಂದ ಹರುಕು ಬಟ್ಟೆಗಳೆಲ್ಲ ಬಂದವು. ಜನ ಅವನ್ನು ಆಗಲೇ ಒಂದಕ್ಕೊಂದು ಹೊಲಿದಿದ್ದರು.

ತಾಯಿ ಎದ್ದು ಅಡ್ಡ ನಿಂತಳು. "ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ ಬೇಡ. ಅದು ನಿಂತಿರೋದೇ ಗಾಳಿಯಿಂದ."

"ನಿನ್ನ ಗಿಡ ಅಲ್ಲಮ್ಮ ಇದು ಇನ್ನು ಮೇಲೆ" ಎಂದ ಯಜಮಾನ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡುವಂತಿತ್ತು. "ನಮಗೆ ಭಯ ಆಗ್ತಿದೆ. ಅರ್ಥ ಮಾಡ್ಕೊ."

ಮೊದಲ ಗಳು ನೆಲಕ್ಕೆ ಇಳಿಯಿತು. ಯಾರೋ ತಾಯಿಯ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ಆಗ ಗುಂಪಿನ ಆ ಬದಿಯಿಂದ ಒಂದು ದನಿ ಕೇಳಿಸಿತು.

"ನೋಡುತ್ತೇವೆ, ಮುಟ್ಟುವುದಿಲ್ಲ."

ಚಿತ್ರ ಹಿಡಿಯುವವಳು ಪೆಟ್ಟಿಗೆಯನ್ನು ಗಿಡದ ಎದುರಿಗೆ ನೆಟ್ಟಗೆ ಇಟ್ಟಿದ್ದಳು. ಕಂಚಿನ ತಟ್ಟೆ ಇರಲಿಲ್ಲ, ಬೋಗುಣಿ ಇರಲಿಲ್ಲ. ಅವಳು ಮುಚ್ಚಳ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು.

ಕಣ್ಣು ತೆರೆಯಿತು. ಜನರ ಕೈಗಳು ನಿಂತವು. ಗಳು ಹಿಡಿದವನು ಗಳು ಬಿಟ್ಟು ಹಿಂದೆ ಸರಿದ. ಎಲ್ಲರೂ ಹಿಂದೆ ಸರಿದರು. ಹುಟ್ಟಿದಾಗಿನಿಂದ ಅವರ ಕಾಲುಗಳಿಗೆ ಅಷ್ಟು ಗೊತ್ತಿತ್ತು.

ಬಿಸಿಲು ಏರಿತು. ಗಿಡ ಬೀಸುತ್ತಿತ್ತು. ಅವಳು ಪೆಟ್ಟಿಗೆಯ ಪಕ್ಕದಲ್ಲಿ ಕಾಲು ಮಡಿಸಿ ಕುಳಿತಳು. ಗಾಜಿಗೆ ಬೇಕಾದಷ್ಟು ಬೆಳಕು ಯಾವಾಗಲೋ ಆಗಿಹೋಗಿತ್ತು. ಇನ್ನೂ ತೆರೆದಿಟ್ಟರೆ ಗಾಜು ಪೂರ್ತಿ ಕಪ್ಪಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕಪ್ಪು ಗಾಜನ್ನು ಕಂಡರೆ ಊರು ಏನೆನ್ನುತ್ತದೆ, ಪೆಟ್ಟಿಗೆ ಯಾರ ಕೈಗೆ ಹೋಗುತ್ತದೆ ಎಂಬುದೂ ಗೊತ್ತಿತ್ತು.

"ಇನ್ನೂ ಎಷ್ಟು ಹೊತ್ತಮ್ಮಾ?" ಎಂದ ಯಜಮಾನ ದೂರದಿಂದ.

"ಗಿಡ ಅಲುಗೋದು ನಿಲ್ಲಲಿ ಯಜಮಾನ್ರೇ."

"ಅದು ನಿಲ್ಲುತ್ತೇನು ಇಲ್ಲಿ?"

ಅವಳು ಸೆರಗಿನ ಗಂಟನ್ನು ಇನ್ನೊಮ್ಮೆ ಬಿಗಿದಳು.

ಜನ ಹೋಗಲಿಲ್ಲ. ಬಟ್ಟೆಯ ಅಂಚುಗಳನ್ನು ಹಿಡಿದುಕೊಂಡೇ, ಗಿಡದ ಸುತ್ತ ದೂರದಲ್ಲಿ, ಕಣ್ಣು ಮುಚ್ಚುವುದನ್ನು ಕಾಯುತ್ತ ನಿಂತರು. ಗಾಳಿ ಅವರ ಕೈಯಲ್ಲಿದ್ದ ಬಟ್ಟೆಯನ್ನು ಎಳೆಯಿತು. ಅವರೂ ಅದರ ಜೊತೆ ಅಷ್ಟಿಷ್ಟು ವಾಲಿದರು.

ಬಿಸಿಲು ನೆತ್ತಿಗೆ ಬಂದಾಗ ಗೊನೆಯ ಕೆಳಗಿನ ಒಂದು ಕಾಯಿ ಸಿಡಿಯಿತು. ಹರಳಿನ ಕಾಯಿ ಒಣಗಿದರೆ ತಾನಾಗಿ ಸಿಡಿಯುತ್ತದೆ, ಚಿಟಿಕೆ ಹೊಡೆದಂತೆ. ಬೀಜ ಎಲ್ಲಿಗೆ ಹಾರಿತೋ ಯಾರಿಗೂ ಕಾಣಲಿಲ್ಲ.

ಆದರೆ ಆ ಸದ್ದಿಗೆ ಸುತ್ತ ನಿಂತಿದ್ದವರೆಲ್ಲ, ತಮ್ಮನ್ನೇ ಯಾರೋ ಕರೆದರೆಂಬಂತೆ, ಒಟ್ಟಿಗೇ ಕತ್ತು ತಿರುಗಿಸಿದರು. ಓಗೊಡುವುದು ಹೇಗೆಂದು ಅವರಲ್ಲಿ ಒಬ್ಬ ಹುಡುಗಿಗೆ ಮಾತ್ರ ಗೊತ್ತಿತ್ತು.